ಏಳು ಸುತ್ತಿನ ಕೋಟೆಯನ್ನು ಮಡಚಿ ಗಾಡಿಗೆ ಹಾಕುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ದೃಶ್ಯಕಲೆ ಓದುತ್ತಿದ್ದೇನೆ. ಚಿತ್ರದುರ್ಗದಲ್ಲಿ ನಡೆಯುವ ಒಂದು ಮ್ಯೂಸಿಯಂ ಪ್ರದರ್ಶನಕ್ಕೆ ಏಳು ಸುತ್ತಿನ ಕೋಟೆಯ ಬಗ್ಗೆ ಕಲಾಕೃತಿ ಮಾಡುವ ಕೆಲಸ ಸಿಕ್ಕಿದೆ. ಅದು ಮಡಚುವಂತಿರಬೇಕು. ಪ್ರದರ್ಶನ ಮುಗಿದ ಮೇಲೆ ಜಿಲ್ಲೆಯ ಶಾಲೆಗಳಿಗೆ ಹೋಗಬೇಕು. ಕಾಗದ ಮಡಚುವ ಜಪಾನಿ ಕಲೆ ಓರಿಗಾಮಿಯ ಹಾಗೆ ಒಂದೇ ಹಾಳೆ ಬಿಚ್ಚಿಕೊಂಡು ಕೋಟೆಯಾಗಬೇಕು ಎಂಬುದು ನನ್ನ ಆಸೆ. ಪೇಪರಿನಲ್ಲಿ ಚೆನ್ನಾಗಿ ಬಂತು. 12 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದರೆ ಮಡಚುತ್ತಲೇ ಇಲ್ಲ. ಯಾವ ಮೆಟೀರಿಯಲ್ ಬಳಸಲಿ? ಮೋಟಾರ್ ಹಾಕಲಾ? ಮ್ಯೂಸಿಯಂನವರು ಹಳೆಯ ತೊಗಲು ಗೊಂಬೆಯೊಂದನ್ನು ಕೊಡುತ್ತೇವೆ ಎಂದಿದ್ದಾರೆ, ಅದನ್ನೂ ಇದರಲ್ಲೇ ಇಡಬಹುದಾ?

ಉತ್ತರ:

ಪ್ಲೈವುಡ್ ಯಾಕೆ ಮಡಚುತ್ತಿಲ್ಲ ಎಂಬುದರಿಂದಲೇ ಶುರು ಮಾಡೋಣ. ಮಾಮೂಲಿ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಮಡಚುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಪ್ಲೈವುಡ್ ಅದರ ನೂರಿಪ್ಪತ್ತು ಪಟ್ಟು ದಪ್ಪ. ಓರಿಗಾಮಿಯ ಇಂಥ ಮಡಿಕೆಗಳಲ್ಲಿ ನಾಲ್ಕು ಗೆರೆಗಳು ಒಂದು ಬಿಂದುವಿನಲ್ಲಿ ಬಂದು ಸೇರುತ್ತವೆ. ಹಾಳೆ ಚಪ್ಪಟೆಯಾಗಿ ಕೂರಬೇಕಾದರೆ ಮೂರು ಗೆರೆ ಒಂದು ಕಡೆಗೂ ಉಳಿದೊಂದು ಇನ್ನೊಂದು ಕಡೆಗೂ ಮಡಚಬೇಕು. ಹಾಳೆಯಲ್ಲಿ ಕೀಲು ಮೇಲ್ಮೈಯಲ್ಲಿದೆಯೋ ಕೆಳಮೈಯಲ್ಲಿದೆಯೋ ಎಂದು ಯಾರೂ ಕೇಳುವುದಿಲ್ಲ. ಹಲಗೆಯಲ್ಲಿ ಎಲ್ಲವೂ ಅದರ ಮೇಲೇ ನಿಂತಿರುತ್ತದೆ. ಮೇಲ್ಮೈಗೆ ಕೀಲು ಹಾಕಿದರೆ ಹಲಗೆ ಮೇಲಕ್ಕೆ ಮಾತ್ರ ಮಡಚುತ್ತದೆ. ನಾಲ್ಕು ಹಲಗೆ ಸೇರುವ ಮೂಲೆಯಲ್ಲಿ ಒಂದರ ಅಂಚು ಇನ್ನೊಂದರ ಹೊಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬಡಗಿಯನ್ನು ಬೈಯಬೇಡಿ, ಅವರ ಕೆಲಸದಲ್ಲಿ ತಪ್ಪಿಲ್ಲ.

ನೀವು ಪೇಪರಿನಲ್ಲಿ ಮಾಡಿದ್ದು ಮಿಯುರಾ ಮಡಿಕೆ ಇರಬೇಕು. ಜಪಾನಿನ ಕೊರಿಯೊ ಮಿಯುರಾ 1970ರ ಹೊತ್ತಿಗೆ ಅದನ್ನು ರೂಪಿಸಿದರು. ಎದುರುಬದುರಿನ ಎರಡು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಂದೇ ಸಲ ಬಿಚ್ಚಿಕೊಳ್ಳುತ್ತದೆ. 1995ರಲ್ಲಿ ಜಪಾನಿನ ಸ್ಪೇಸ್ ಫ್ಲೈಯರ್ ಯೂನಿಟ್ ಉಪಗ್ರಹದಲ್ಲಿ ಸೌರಫಲಕ ಬಿಚ್ಚಲು ಇದೇ ಮಡಿಕೆ ಬಳಸಿದರು. ದಪ್ಪ ಹಲಗೆಯಲ್ಲೂ ಇದು ಆಗದ ಕೆಲಸವೇನಲ್ಲ. ಚೆನ್, ಪೆಂಗ್, ಯೂ ಎಂಬ ಮೂವರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದರ ಲೆಕ್ಕ ಬರೆದಿದ್ದಾರೆ. ಒಂದೊಂದು ಹಲಗೆಗೆ ಒಂದೊಂದು ದಪ್ಪ, ಒಂದೊಂದು ಕೀಲಿಗೆ ಒಂದೊಂದು ಎತ್ತರ. ಆದರೆ ಅದಕ್ಕೆ ಕೂದಲೆಳೆಯಷ್ಟೂ ತಪ್ಪದ ಕೊರೆತ ಬೇಕು. ದಾವಣಗೆರೆಯಲ್ಲಿ ಬಾಗಿಲಿಗೆ ಹೂಬಳ್ಳಿ ಕೊರೆಯುವ ಸಿಎನ್‌ಸಿ ರೂಟರ್‌ನವರು (ಕಂಪ್ಯೂಟರ್ ನಡೆಸುವ ಕೊರೆತದ ಯಂತ್ರ ಇಟ್ಟವರು) ಅದನ್ನು ಕೊರೆದುಕೊಟ್ಟಾರು. ಆದರೆ ಮಳೆಗಾಲದಲ್ಲಿ ಆ ಮರ ಅರ್ಧ ಮಿ.ಮೀ. ಉಬ್ಬಿದರೆ ಇಡೀ ಕೋಟೆ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಅದನ್ನು ಬಿಡಿಸುವವರು ಯಾರು?

ನನಗೆ ಮುಖ್ಯವಾಗಿ ಕಾಣುವುದು ಈ ಪ್ರಶ್ನೆಯೇ. ಉದ್ಘಾಟನೆಯ ದಿನ ನೀವಿರುತ್ತೀರಿ, ನಿಮ್ಮ ಗೆಳೆಯರಿರುತ್ತಾರೆ, ಎಲ್ಲ ಸರಿಯಾಗಿ ನಡೆಯುತ್ತದೆ. ಆಮೇಲೆ ಇದನ್ನು ಬಿಚ್ಚಿ ಮಡಚುವವರು ಮೊಳಕಾಲ್ಮೂರು ಕಡೆಯ ಯಾವುದೋ ಶಾಲೆಯ ಡ್ರಿಲ್ ಮೇಷ್ಟ್ರು, ಜತೆಗೆ ಒಂಬತ್ತನೇ ಕ್ಲಾಸಿನ ಇಬ್ಬರು ಹುಡುಗರು. ಹೊರಗೆ ಗಾಡಿಯ ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾನೆ. ಅವರಿಗೆ ನಿಮ್ಮ ಮುಖ ಪರಿಚಯವಿಲ್ಲ, ಓರಿಗಾಮಿಯೂ ಗೊತ್ತಿಲ್ಲ. ಅವರು ಹತ್ತು ನಿಮಿಷದಲ್ಲಿ, ಏನೂ ಮುರಿಯದೆ ಮುಚ್ಚುವಂತಿರಬೇಕು. ಹಾಗಾಗಿ ಮೊದಲು ಮುಚ್ಚಿದ ಪೆಟ್ಟಿಗೆಯ ಚಿತ್ರ ಬರೆಯಿರಿ. ಅದರ ಉದ್ದ, ಅಗಲ, ತೂಕ, ಹಿಡಿ ಎಲ್ಲಿ, ಚಿಲಕ ಎಲ್ಲಿ ಎಲ್ಲ ಇರಲಿ. ಕೋಟೆ ಆ ಪೆಟ್ಟಿಗೆಯೊಳಗಿಂದ ಹುಟ್ಟಬೇಕು. ಕೋಟೆ ಮಾಡಿ ಆಮೇಲೆ ಪೆಟ್ಟಿಗೆ ಹುಡುಕಲು ಹೋದವರ ಕಲಾಕೃತಿಗಳು ಎಷ್ಟೋ ಕಾಲೇಜುಗಳ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿವೆ.

ಈ ಬುದ್ಧಿ ಕಲಿಯಲು ನೀವು ದೂರ ಹೋಗಬೇಕಾಗಿಲ್ಲ. ದಾವಣಗೆರೆ ಕಂಪನಿ ನಾಟಕದ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮದೇ ಊರಿನದು. ಅರಮನೆ, ಕಾಡು, ಬೀದಿ ಎಲ್ಲವನ್ನೂ ಪರದೆಗೆ ಬರೆದು, ಉದ್ದನೆ ಕೋಲಿಗೆ ಸುತ್ತಿ, ಸೈಡ್ ವಿಂಗ್‌ಗಳನ್ನು ಒಂದರ ಮೇಲೊಂದು ಕಟ್ಟಿ ಊರಿಂದ ಊರಿಗೆ ಸಾಗಿಸುತ್ತಿದ್ದ ಜನ ಅವರು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಗೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಶಿವಸಂಚಾರ ತಂಡ ನಾಟಕಗಳನ್ನು ಕಟ್ಟಿಕೊಂಡು ನಾಡೆಲ್ಲ ತಿರುಗುತ್ತದೆ. ಇವತ್ತು ರಾತ್ರಿ ಒಂದೂರಿನಲ್ಲಿ ಬಿಚ್ಚಿದ್ದನ್ನು ನಾಳೆ ಇನ್ನೊಂದೂರಿನಲ್ಲಿ ನಿಲ್ಲಿಸಬೇಕು. ಸೆಟ್ ಎಲ್ಲಿ ಸವೆಯುತ್ತದೆ, ಯಾವ ಮೂಲೆಗೆ ಮೊದಲು ಪೆಟ್ಟು ಬೀಳುತ್ತದೆ ಎಂದು ಅಲ್ಲಿ ಸಾಮಾನು ಹೊರುವವರನ್ನು ಕೇಳಿ. ನಿರ್ದೇಶಕರನ್ನು ಕೇಳಬೇಡಿ, ಅವರಿಗೆ ಗೊತ್ತಿರುವುದಿಲ್ಲ.

ಈಗ ಮಡಿಕೆಯ ವಿಷಯ. ನಿಮ್ಮ ಕೆಲಸಕ್ಕೆ ಹತ್ತಿರವಾದದ್ದು ಓರಿಗಾಮಿಗಿಂತ ರಾಜಸ್ಥಾನದ ಕಾವಡ್. ಚಿತ್ತೋಡಗಡ ಹತ್ತಿರದ ಬಸ್ಸಿ ಎಂಬ ಊರಿನ ಬಡಗಿಗಳು ಅದನ್ನು ಮಾಡುತ್ತಾರೆ. ನೋಡಲು ಬಣ್ಣದ ಪುಟ್ಟ ಗುಡಿ. ಬಾಗಿಲು ತೆರೆದರೆ ಒಳಗೆ ಇನ್ನೊಂದು ಬಾಗಿಲು, ಅದರೊಳಗೆ ಮತ್ತೊಂದು. ಪ್ರತಿ ಬಾಗಿಲ ಎರಡೂ ಮೈಯಲ್ಲಿ ಕಥೆಯ ಚಿತ್ರ. ಕಥೆ ಹೇಳುವವನು ಅದನ್ನು ಹೊತ್ತು ಊರೂರಿಗೆ ಹೋಗಿ, ಒಂದೊಂದೇ ಬಾಗಿಲು ತೆರೆಯುತ್ತ ಕಥೆ ಮುಂದುವರಿಸುತ್ತಾನೆ. ಎಲ್ಲವೂ ನೇರ ಕೀಲು, ನೇರ ಅಂಚು. ಕೈ ಯಾವುದನ್ನು ತೆರೆಯುತ್ತದೋ ಕಥೆ ಅಲ್ಲಿಗೆ ಹೋಗುತ್ತದೆ.

ನಮ್ಮ ಕೋಟೆಯೂ ಬಾಗಿಲಿನ ಮೇಲೆ ಬಾಗಿಲು ದಾಟಿಯೇ ನೋಡಬೇಕಾದದ್ದು, ಅಲ್ವಾ? ಅಲ್ಲಿ ಒಂದು ಬಾಗಿಲಿನ ಎದುರಿಗೆ ಇನ್ನೊಂದು ಬಾಗಿಲು ನೇರವಾಗಿ ಸಿಗುವುದಿಲ್ಲ. ದಾರಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು, ಸೈನ್ಯ ಸಾಲುಗಟ್ಟಿ ನುಗ್ಗಬಾರದು ಎಂಬುದೇ ಅದರ ಹಿಂದಿನ ಲೆಕ್ಕ. ಹೈದರಾಲಿ 1779ರಲ್ಲಿ ಕೋಟೆ ಹಿಡಿಯುವ ಮೊದಲು ಮುತ್ತಿಗೆ ಹಾಕಿ ಹಾಕಿ ಸಾಕಾಗಿದ್ದ. ಇದನ್ನು ಏಳು ಉಂಗುರಗಳ ಹಾಗೆ ಗುಂಡಗೆ ಮಾಡಿಟ್ಟರೆ ಮೇಲಿನಿಂದ ನೋಡಲು ಚಂದ. ಆದರೆ ಕೋಟೆಯ ಗುಣ ಹೋಗಿಬಿಡುತ್ತದೆ. ಯಾರೂ ಕೋಟೆಯನ್ನು ಆಕಾಶದಿಂದ ನೋಡಲಿಲ್ಲ. ತಿರುವಿನಲ್ಲಿ ನಿಂತು, ಮುಂದೆ ಏನಿದೆಯೋ ಗೊತ್ತಾಗದೆ ನೋಡಿದರು.

ಹಾಗಾಗಿ ನನ್ನ ಸಲಹೆ ಏಳು ಎಲೆಗಳ, ಅಂದರೆ ಏಳು ನಿಂತ ಹಲಗೆಗಳ ಒಂದು ಅಂಕುಡೊಂಕು ಮಡಿಕೆ. ಹಾವಿನ ಹಾಗೆ ಒಂದು ಎಲೆ ಎಡಕ್ಕೆ, ಒಂದು ಬಲಕ್ಕೆ. ಇಲ್ಲಿ ದಪ್ಪದ ತಲೆನೋವೇ ಇಲ್ಲ. ಮೊದಲ ಕೀಲು ಮುಂದಿನ ಮೈಗೆ, ಎರಡನೆಯದು ಹಿಂದಿನ ಮೈಗೆ, ಮೂರನೆಯದು ಮತ್ತೆ ಮುಂದಕ್ಕೆ ಎಂದು ಬದಲಾಯಿಸುತ್ತ ಹೋದರೆ ಎಷ್ಟು ದಪ್ಪದ ಹಲಗೆಯಾದರೂ ಚಪ್ಪಟೆಯಾಗಿ ಕೂರುತ್ತದೆ. ಇದರಲ್ಲಿ ಇನ್ನೊಂದು ಲಾಭವಿದೆ. ಅಂಕುಡೊಂಕು ಗೋಡೆಯ ಎಡಕ್ಕೆ ನಿಂತು ನೋಡಿದರೆ 1, 3, 5, 7ನೇ ಎಲೆಗಳಷ್ಟೇ ಕಾಣುತ್ತವೆ. ಬಲಕ್ಕೆ ಹೋದರೆ 2, 4, 6 ಕಾಣುತ್ತವೆ. ಎದುರಿಗೆ ಬಂದರೆ ಎಲ್ಲ ಕಲೆತು ಒಂದೇ ಕೋಟೆ. ಏಳು ಸುತ್ತಿನಲ್ಲಿ ಮೂರು ಕೆಳಗೆ ಬಯಲಿನಲ್ಲಿವೆ, ನಾಲ್ಕು ಗುಡ್ಡದ ಮೇಲಿವೆ. ಎಡದಿಂದ ಬಂದವರಿಗೆ ಗುಡ್ಡದ ನಾಲ್ಕು ಸುತ್ತು, ಬಲದಿಂದ ಬಂದವರಿಗೆ ಬಯಲಿನ ಮೂರು ಸುತ್ತು ಕಾಣುವ ಹಾಗೆ ಬರೆಯಿರಿ. ನೋಡುವವರೇ ನಡೆದು ತಿರುಗುತ್ತಾರೆ. ಕಲಾಕೃತಿಯ ಚಲನೆ ಅವರ ಕಾಲಲ್ಲಿರುತ್ತದೆ.

ಎಳೆದರೆ ಹಿಗ್ಗಿ, ಒತ್ತಿದರೆ ಕುಗ್ಗುವ ಆಟಿಕೆ ಹೊಬರ್‌ಮನ್ ಗೋಳದ ತರಹ ಕತ್ತರಿ ಕೀಲಿನ ಉಂಗುರ ಮಾಡಲು ಕೆಲವರು ಹೇಳಬಹುದು. ಚಕ್ ಹೊಬರ್‌ಮನ್ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ಗೆ ಕಣ್ಣಿನ ಪಾಪೆಯಂತೆ ತೆರೆಯುವ ದೊಡ್ಡ ಕಮಾನನ್ನೇ ಮಾಡಿದರು. ನೋಡಲು ಮಾಯಾಜಾಲ. ಆದರೆ ಅಲ್ಲಿ ಪಿನ್ನುಗಳ ಸಂಖ್ಯೆ ವಿಪರೀತ. ಒಂದೊಂದು ತೂತಿನಲ್ಲಿ ಅರ್ಧ ಮಿ.ಮೀ. ಸಡಿಲವಿದ್ದರೂ ಇಪ್ಪತ್ತು ಕೀಲು ದಾಟುವಷ್ಟರಲ್ಲಿ ಅದು ಒಂದು ಸೆಂ.ಮೀ. ಅಲುಗಾಟವಾಗಿ ಬೆಳೆಯುತ್ತದೆ. ನಿಮ್ಮ ಬಜೆಟ್ಟಿಗೆ, ನಿಮ್ಮ ಡ್ರಿಲ್ ಮೇಷ್ಟ್ರಿಗೆ ಅದು ಬೇಡ.

ಇನ್ನು ಅಳತೆ. ಎಲೆಯ ಎತ್ತರ 150 ಸೆಂ.ಮೀ., ಅಗಲ 60 ಸೆಂ.ಮೀ. ಇಟ್ಟುಕೊಳ್ಳಿ. 18 ಮಿ.ಮೀ. ಪ್ಲೈವುಡ್‌ನಲ್ಲಿ ಮಾಡಿದರೆ ಒಂದು ಎಲೆಯೇ ಹತ್ತು ಕೆ.ಜಿ. ದಾಟುತ್ತದೆ, ಏಳಕ್ಕೆ ಎಪ್ಪತ್ತರ ಮೇಲೆ. ಅದರ ಬದಲು 25 ಮಿ.ಮೀ. ಚೌಕದ ಅಲ್ಯೂಮಿನಿಯಂ ಪೈಪಿನ ಚೌಕಟ್ಟು ಮಾಡಿಸಿ. ಪೈಪಿನ ಗೋಡೆ ಒಂದೂವರೆ ಮಿ.ಮೀ. ಇದ್ದರೆ ಸಾಕು. ಒಳಗೆ 4 ಮಿ.ಮೀ. ಪ್ಲೈ ಕೂರಿಸಿ. ಚೌಕಟ್ಟಿಗೆ ಒಂದೂವರೆ ಕೆ.ಜಿ. ಚಿಲ್ಲರೆ, ಪ್ಲೈಗೆ ಎರಡೂಕಾಲು ಕೆ.ಜಿ. ಬಣ್ಣ, ಕೀಲು ಎಲ್ಲ ಸೇರಿ ಒಂದು ಎಲೆಗೆ ಐದು ಕೆ.ಜಿ. ಹಿಡಿಯಿರಿ. ಏಳಕ್ಕೆ 35. ಪ್ಲೈಯನ್ನು ಚೌಕಟ್ಟಿನ ಅಂಚಿಗಿಂತ 8 ಮಿ.ಮೀ. ಒಳಗೆ ಕೂರಿಸುವುದನ್ನು ಮರೆಯಬೇಡಿ. ಎರಡು ಎಲೆ ಮುಖಕ್ಕೆ ಮುಖ ಕೂಡಿ ಮಡಚಿದಾಗ ಬಣ್ಣಕ್ಕೆ ಬಣ್ಣ ಉಜ್ಜಬಾರದು. ಕಲ್ಲಿನ ಉಬ್ಬು ಮಾಡಬೇಕೆಂದಿದ್ದರೆ ಆ 8 ಮಿ.ಮೀ. ಒಳಗೇ ಮುಗಿಸಿ.

ಏಳು ಎಲೆಯನ್ನು ಒಂದೇ ಪೆಟ್ಟಿಗೆಗೆ ಹಾಕಬೇಡಿ. ನಾಲ್ಕು ಒಂದರಲ್ಲಿ, ಮೂರು ಇನ್ನೊಂದರಲ್ಲಿ. ನಡುವಿನ ಕೀಲು ಮಾತ್ರ ಕಡ್ಡಿ ಎಳೆದರೆ ಬಿಡಿಸಿಕೊಳ್ಳುವಂಥದ್ದಿರಲಿ. ಒಂದೊಂದು ಎಲೆಗೆ ಜಾಗ ಬಿಟ್ಟು 30 ಮಿ.ಮೀ. ಎಂದರೆ ನಾಲ್ಕಕ್ಕೆ 120. ಪೆಟ್ಟಿಗೆಯ ಪ್ಲೈ ಸೇರಿ ದಪ್ಪ 15 ಸೆಂ.ಮೀ. ಒಳಗೆ ಬರುತ್ತದೆ. ಉದ್ದ 155, ಅಗಲ 65. ಪೆಟ್ಟಿಗೆಯನ್ನು 6 ಮಿ.ಮೀ. ಪ್ಲೈಯಲ್ಲಿ ಮಾಡಿದರೆ ಎಲೆ ಸೇರಿ ತೂಕ 35 ಕೆ.ಜಿ. ದಾಟುವುದಿಲ್ಲ, ಇಬ್ಬರು ಎತ್ತಬಹುದು. ಟಾಟಾ ಏಸ್‌ನ ಹಿಂಬದಿ ಸುಮಾರು ಏಳು ಅಡಿ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. ಎರಡೂ ಪೆಟ್ಟಿಗೆ ಪಕ್ಕಪಕ್ಕ ಮಲಗುತ್ತವೆ. ಗಾಡಿಗಿಂತ ಮೊದಲು ಮ್ಯೂಸಿಯಂನ ಅತಿ ಕಿರಿದಾದ ಬಾಗಿಲನ್ನೂ ಮೆಟ್ಟಿಲ ತಿರುವನ್ನೂ ಟೇಪ್ ಹಿಡಿದು ಅಳೆಯಿರಿ. ಫೋನಿನಲ್ಲಿ ಕೇಳಿದರೆ ‘ದೊಡ್ಡ ಬಾಗಿಲೇ ಸಾರ್’ ಎನ್ನುತ್ತಾರೆ.

ಎಲೆಗಳ ನಡುವಿನ ಕೋನ ಎಷ್ಟಿರಬೇಕು? ಹೆಚ್ಚು ಬಿಚ್ಚಿದಷ್ಟೂ ಕೋಟೆ ಉದ್ದವಾಗುತ್ತದೆ, ಆದರೆ ತೆಳ್ಳಗಾಗಿ ಬೀಳಲು ಕಾಯುತ್ತಿರುತ್ತದೆ. 120 ಡಿಗ್ರಿ ಬಿಚ್ಚಿದರೆ ಉದ್ದ 364 ಸೆಂ.ಮೀ., ನೆಲದ ಮೇಲಿನ ಆಳ ಬರೀ 30. 60 ಡಿಗ್ರಿಗೆ ನಿಲ್ಲಿಸಿದರೆ ಉದ್ದ 210, ಆಳ 52. ನಡುವಿನ 90 ಡಿಗ್ರಿಗೆ ಉದ್ದ 297, ಆಳ 42. ನಾನು 90ನ್ನೇ ಆರಿಸುತ್ತೇನೆ. ಆದರೂ ಒಂದು ಲೆಕ್ಕ ಮಾಡಿ ನೋಡಿ. 35 ಕೆ.ಜಿ. ತೂಕ, ಅರ್ಧ ಆಳ 21 ಸೆಂ.ಮೀ., ಎತ್ತರ 150. ಮೇಲಂಚನ್ನು ಐದು ಕೆ.ಜಿ.ಯಷ್ಟು ಬಲದಿಂದ ತಳ್ಳಿದರೆ ಸಾಕು, ಕೋಟೆ ಉರುಳುತ್ತದೆ. ಒಬ್ಬ ಹುಡುಗ ಸುಮ್ನೆ ಒರಗಿದರೂ ಅಷ್ಟು ಬಲ ಬೀಳುತ್ತದೆ. ಹಗುರ ಮಾಡಿದ್ದಕ್ಕೆ ನಾವು ಕೊಡುವ ಬೆಲೆ ಇದು.

ಇದಕ್ಕೆ ಉಪಾಯ ಪೆಟ್ಟಿಗೆಯಲ್ಲೇ ಇದೆ. ಎಲೆ ಹೊರತೆಗೆದ ಮೇಲೆ ಎರಡೂ ಪೆಟ್ಟಿಗೆಯನ್ನು ಮುಚ್ಚಿ, ನೆಲದ ಮೇಲೆ ತುದಿಗೆ ತುದಿ ಸೇರಿಸಿ ಮಲಗಿಸಿ. ಚಿಲಕ ಹಾಕಿ. ಉದ್ದ 310 ಸೆಂ.ಮೀ. ಬರುತ್ತದೆ, ನಿಮ್ಮ 297 ಅದರ ಮೇಲೆ ಸರಿಯಾಗಿ ಕೂರುತ್ತದೆ. ಮುಚ್ಚಳದಲ್ಲಿ ಅಂಕುಡೊಂಕಾಗಿ ತೋಡು ಕೊರೆದಿಟ್ಟರೆ ಎಲೆಗಳ ಪಾದ ಅದರಲ್ಲಿ ಇಳಿದು 90 ಡಿಗ್ರಿ ತಾನಾಗೇ ಬರುತ್ತದೆ. ಕೋನ ಅಳೆಯುವವರೇ ಬೇಕಿಲ್ಲ. ಮುಚ್ಚಳದ ಮೇಲೆ ಭಾರ ಬೀಳುವುದರಿಂದ ಪೆಟ್ಟಿಗೆಯ ಒಳಗೆ ಎರಡು ಅಡ್ಡಪಟ್ಟಿ ಕೊಡಿ. ಈಗ ತಳದ ಆಳ 65. ಪೆಟ್ಟಿಗೆಯ ತೂಕವೂ ಸೇರಿ ತಳ್ಳುವ ಬಲ ಸುಮಾರು 12 ಕೆ.ಜಿ.ಗೆ ಏರುತ್ತದೆ. ಪೆಟ್ಟಿಗೆಯೊಳಗೆ 20 ಕೆ.ಜಿ.ಯ ಎರಡು ಮರಳಿನ ಚೀಲ ಇಟ್ಟರೆ ಹತ್ತಿರ 20 ಆಗುತ್ತದೆ. ಶಾಲೆಗೆ ಹೋದಾಗ ಮರಳು ಹೊರುವುದು ಬೇಡ, ಅಲ್ಲೇ ನೀರು ತುಂಬಿ ಮಲಗಿಸಬಹುದಾದ ಸಣ್ಣ ಕ್ಯಾನ್‌ಗಳು ಸಾಕು. ಮ್ಯೂಸಿಯಂ ಒಳಗೆ ಮಾತ್ರ ನೀರು ತರಬೇಡಿ. ಸೋರಿದರೆ ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

ಫ್ರಾನ್ಸಿನ ಮಾರ್ಸೆಲ್ ಡ್ಯೂಶಾಂಪ್ 1935ರಿಂದ 1941ರವರೆಗೆ ಕೂತು ತನ್ನ ಕೃತಿಗಳ ಪುಟ್ಟ ಪ್ರತಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ, ಬಿಚ್ಚಿದರೆ ಮ್ಯೂಸಿಯಂ, ಮುಚ್ಚಿದರೆ ಕೈಪೆಟ್ಟಿಗೆ ಎನ್ನುವಂತೆ ಮಾಡಿದ. ಅಲ್ಲಿ ಪೆಟ್ಟಿಗೆ ಬರೀ ಪ್ಯಾಕಿಂಗ್ ಆಗಿರಲಿಲ್ಲ, ಅದೂ ಕೃತಿಯೇ. ನಿಮ್ಮ ಪೆಟ್ಟಿಗೆಯ ಹೊರಮೈಗೂ ಬಂಡೆಯ ಬಣ್ಣ ಬಳಿಯಿರಿ. ಕೋಟೆ ಬಂಡೆಯ ಮೇಲೇ ನಿಲ್ಲಬೇಕಾದದ್ದು ತಾನೇ.

ಕೀಲಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಕೆಲಸಗಳು ಸಾಯುವುದೇ ಅಲ್ಲಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದನೆಯ ಪಿಯಾನೋ ಹಿಂಜ್ ಸಿಗುತ್ತದೆ. ಅದನ್ನು ಎಲೆಯ ಇಡೀ ಎತ್ತರಕ್ಕೆ ಹಾಕಿಸಿ. ಮೂರು ಬಿಡಿ ಹಿಂಜಸ್ ಹಾಕಿದರೆ ಭಾರವೆಲ್ಲ ಆ ಮೂರು ಕಡೆ ಬಿದ್ದು ಪೈಪ್ ತಿರುಚುತ್ತದೆ. ಪ್ಲೈವುಡ್ಡಿನ ಅಂಚಿಗೆ ಸ್ಕ್ರೂ ಹೊಡೆಯಲೇಬೇಡಿ. ಪದರ ಸೀಳುತ್ತದೆ, ನಾಲ್ಕನೇ ಊರಿಗೆ ಸ್ಕ್ರೂ ಕೈಗೆ ಬರುತ್ತದೆ. ಪೈಪಿಗೆ ಪಾಪ್ ರಿವೆಟ್ ಹೊಡೆಯಿರಿ. ಬಿಚ್ಚಬೇಕಾದ ಕಡೆ ಬೋಲ್ಟ್ ಹಾಕಿ, ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಬಿಗಿಯಿರಿ, ಗಾಡಿಯ ಕುಲುಕಾಟಕ್ಕೆ ಅದು ಸಡಿಲವಾಗುವುದಿಲ್ಲ. ಜಪಾನಿನ ಬ್ಯೋಬು ಎಂಬ ಮಡಿಕೆ ಪರದೆಗಳಲ್ಲಿ ಲೋಹದ ಕೀಲೇ ಇರುವುದಿಲ್ಲ. ಕಾಗದದ ಪಟ್ಟಿಗಳನ್ನು ಒಂದು ಮುಂದಿನಿಂದ ಹಿಂದಕ್ಕೆ, ಇನ್ನೊಂದು ಹಿಂದಿನಿಂದ ಮುಂದಕ್ಕೆ ಅಂಟಿಸಿ ಎರಡೂ ಕಡೆ ಮಡಚುವ ಕೀಲು ಮಾಡುತ್ತಾರೆ. ಅದನ್ನೇ ದಪ್ಪ ಕ್ಯಾನ್ವಾಸಿನಲ್ಲಿ ಮಾಡಬಹುದು, ಸದ್ದಿಲ್ಲ, ತುಕ್ಕಿಲ್ಲ. ಆದರೆ ಕ್ಯಾನ್ವಾಸ್ ಎಳೆದುಕೊಂಡು ಜೋಲುತ್ತದೆ. ಐದು ಅಡಿ ಎತ್ತರದ ಎಲೆಗೆ ನಾನು ಪಿಯಾನೋ ಹಿಂಜ್ ಪರವೇ.

ಎಲ್ಲ ಕೀಲಿಗೂ ಒಂದು ತಡೆ ಬೇಕು. ಮನೆಯಲ್ಲಿ ವ್ಯಾಸಪೀಠ ಇದ್ದರೆ ತೆಗೆದು ನೋಡಿ. ಒಂದೇ ಹಲಗೆಯಲ್ಲಿ ಕೊರೆದ ಹಲ್ಲುಗಳು ಒಂದಕ್ಕೊಂದು ಕಚ್ಚಿ ಕೀಲಾಗಿವೆ, ಒಂದು ಮೊಳೆಯೂ ಇಲ್ಲ. ಇಷ್ಟು ಬಿಚ್ಚಿದ ಮೇಲೆ ಅದು ತಾನೇ ನಿಲ್ಲುತ್ತದೆ, ನೀವು ಒತ್ತಿದರೂ ಮುಂದೆ ಹೋಗುವುದಿಲ್ಲ. ನಿಮ್ಮ ಎಲೆಗಳಿಗೂ ಅಂಥ ಮಿತಿ ಇರಲಿ. ಮಂಚದ ನವಾರದ ಪಟ್ಟಿಯನ್ನು ಮೇಲೊಂದು ಕೆಳಗೊಂದು ಕಟ್ಟಿ, ನೂರು ಡಿಗ್ರಿ ದಾಟಿ ಬಿಚ್ಚದಂತೆ ಮಾಡಿ.

ಮಕ್ಕಳ ಬೆರಳು ಇದಕ್ಕಿಂತ ದೊಡ್ಡ ಚಿಂತೆ. ಯುರೋಪಿನಲ್ಲಿ ಆಟದ ಮೈದಾನದ ಸಾಮಾನುಗಳಿಗೆ ಒಂದು ನಿಯಮವಿದೆ: ಸಂದು 8 ಮಿ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವೇ 25 ಮಿ.ಮೀ.ಗಿಂತ ಜಾಸ್ತಿ. ನಡುವಿನ ಅಳತೆಯಲ್ಲಿ ಬೆರಳು ಹೋಗಿ ಸಿಕ್ಕಿಕೊಳ್ಳುತ್ತದೆ. ಮಡಚುವ ವಸ್ತುವಿನಲ್ಲಿ ಸಂದು ನಿಂತಲ್ಲಿ ನಿಲ್ಲುವುದಿಲ್ಲ, ದೊಡ್ಡದಿದ್ದದ್ದು ಚಿಕ್ಕದಾಗುತ್ತ ಬರುತ್ತದೆ. ಹಾಗಾಗಿ ಕೀಲಿನ ಕಡೆಗೆಲ್ಲ ಬಟ್ಟೆಯ ಪಟ್ಟಿ ಮುಚ್ಚಿ. ಎಲೆಗಳ ಬಿಡಿ ಅಂಚಿಗೆ ರಬ್ಬರ್ ಗುಬ್ಬಿ ಅಂಟಿಸಿ 25 ಮಿ.ಮೀ. ಅಂತರ ಉಳಿಸಿದರೆ ಇನ್ನೂ ಒಳ್ಳೆಯದು, ಆದರೆ ಆಗ ಪೆಟ್ಟಿಗೆಯ ದಪ್ಪ ಹೆಚ್ಚುತ್ತದೆ. ಬಟ್ಟೆ ಪಟ್ಟಿಯ ದಾರಿ ಹಿಡಿದರೆ, ಮಡಚುವ ಹೊತ್ತಿನಲ್ಲಿ ಮಕ್ಕಳನ್ನು ದೂರ ನಿಲ್ಲಿಸಿ ಎಂದು ಪೆಟ್ಟಿಗೆಯ ಮೇಲೇ ಬರೆಯಿರಿ.

ಓಬವ್ವನ ಕಿಂಡಿ ತೋರಿಸದೆ ಚಿತ್ರದುರ್ಗದ ಯಾವ ಕೆಲಸವೂ ಮುಗಿಯುವುದಿಲ್ಲ, ಜನ ಬಿಡುವುದೂ ಇಲ್ಲ. ಆದರೆ ಒನಕೆ ಹಿಡಿದ ಓಬವ್ವನ ಚಿತ್ರ ಈಗಾಗಲೇ ಸಾಕಷ್ಟು ಗೋಡೆಗಳ ಮೇಲಿದೆ. ಆ ಜಾಗದ ವಿಶೇಷ ಇಷ್ಟೇ: ಒಂದು ಸಲಕ್ಕೆ ಒಬ್ಬನೇ ನುಸುಳಬಲ್ಲ ಸಂದು. ನಿಮ್ಮ ಒಂದು ಎಲೆಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೆ ಉದ್ದನೆ ಸೀಳು ಬಿಡಿ, ಬೆರಳಿನ ನಿಯಮ ನೆನಪಿಟ್ಟುಕೊಂಡು ಮೂರು ಸೆಂ.ಮೀ. ಅಗಲ. ಇಣುಕಿದರೆ ಆಚೆ ಎಲೆಯ ಹಿಂದೆ ಏನೋ ಕಾಣಬೇಕು. ಅಲ್ಲಿಗೆ ನಿಮ್ಮ ತೊಗಲು ಗೊಂಬೆ ಬರಬಹುದು.

ಅಸಲಿ ಗೊಂಬೆಯನ್ನಂತೂ ಇಡಬೇಡಿ. ಚರ್ಮ ತೇವಕ್ಕೆ ಹಿಗ್ಗಿ ಒಣಗಿದಾಗ ಮುದುಡುತ್ತದೆ. ಅದರ ಬಣ್ಣಗಳಿಗೆ ಬೆಳಕು ಶತ್ರು, ಮ್ಯೂಸಿಯಂಗಳು ಇಂಥ ವಸ್ತುಗಳಿಗೆ ಸುಮಾರು 50 ಲಕ್ಸ್ ಬೆಳಕಿಗಿಂತ ಹೆಚ್ಚು ಬೀಳಲು ಬಿಡುವುದಿಲ್ಲ. ಹೊಸ ಪ್ಲೈವುಡ್, ಹೊಸ ಬಣ್ಣಗಳಿಂದ ಹೊರಬರುವ ಆವಿಯೂ ಹಳೆಯ ವಸ್ತುವಿಗೆ ಒಳ್ಳೆಯದಲ್ಲ. ಇದಕ್ಕೆಲ್ಲ ಜತೆಗೆ ಗಾಡಿಯ ಕುಲುಕಾಟ. ಅಸಲಿ ಗೊಂಬೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲೇ ಇರಲಿ, ಕೊಡುತ್ತೇವೆ ಎಂದರೂ ಬೇಡ ಎನ್ನಿ. ನಿಮ್ಮ ಕೃತಿಗೆ ಹೊಸದನ್ನು ಮಾಡಿಸಿ. ಬಳ್ಳಾರಿ, ಚಿತ್ರದುರ್ಗ ಸೀಮೆಯಲ್ಲಿ ಕಟ್ಟುವವರು ಈಗಲೂ ಇದ್ದಾರೆ. ಸರಿಯಾದ ಹಣ ಕೊಡಿ, ಹೆಸರು ಹಾಕಿ. ತೊಗಲು ಗೊಂಬೆಯ ಜೀವ ಹಿಂದಿನ ಬೆಳಕಿನಲ್ಲಿದೆ, ಎದುರಿನಿಂದ ಲೈಟು ಬಿಟ್ಟರೆ ಅದು ಕಪ್ಪಗೆ ಸತ್ತು ಬೀಳುತ್ತದೆ. ಹಿಂದೆ 12 ವೋಲ್ಟಿನ ಸಣ್ಣ ಎಲ್‌ಇಡಿ ಪಟ್ಟಿ ಸಾಕು. ಬ್ಯಾಟರಿ ಅದೇ ಎಲೆಯಲ್ಲಿರಲಿ, ವೈರು ಕೀಲು ದಾಟದಿದ್ದರೆ ಒಳ್ಳೆಯದು. ದಾಟಲೇಬೇಕಾದರೆ ಕೀಲಿನ ಉದ್ದಕ್ಕೇ ಒಂದು ಗೇಣು ಹರಿಸಿ ಆಮೇಲೆ ಆಚೆಗೆ ಒಯ್ಯಿರಿ. ಆಗ ವೈರು ಮುರಿಯುವಂತೆ ಬಾಗುವುದಿಲ್ಲ, ಸ್ವಲ್ಪ ತಿರುಚಿಕೊಳ್ಳುತ್ತದೆ ಅಷ್ಟೇ.

ಮೋಟಾರ್ ಬೇಡ. ಕರೆಂಟು ಹೋದಾಗ ಅರ್ಧ ತೆರೆದ ಕೋಟೆ ನಗೆಪಾಟಲು. ಮಗುವಿನ ಕೈ ನಡುವೆ ಬಂದರೆ ನಿಲ್ಲಿಸುವ ಸ್ವಿಚ್ಚು, ಸೆನ್ಸರ್ ಎಲ್ಲ ಬೇಕಾಗುತ್ತದೆ. ಅದು ಕೆಟ್ಟರೆ ನೀವೇ ಬಸ್ಸು ಹತ್ತಬೇಕು. ಏನಾದರೂ ಚಲಿಸಲೇಬೇಕು ಎನಿಸಿದರೆ ಬಾಗಿಲುಗಳನ್ನು ಮಕ್ಕಳ ಕೈಗೆ ಕೊಡಿ. ಪ್ರತಿ ಎಲೆಯಲ್ಲಿ ಪುಸ್ತಕದಷ್ಟು ಅಗಲದ ಒಂದು ಪುಟ್ಟ ಬಾಗಿಲು. ಬ್ರೆಜಿಲಿನ ಲಿಜಿಯಾ ಕ್ಲಾರ್ಕ್ 1960ರ ಹೊತ್ತಿಗೆ ಕೀಲು ಹಾಕಿದ ಲೋಹದ ತಗಡುಗಳ ಶಿಲ್ಪ ಮಾಡಿದಳು, ನೋಡುವವರೇ ಮಡಚಿ ಬಿಚ್ಚಿ ರೂಪ ಕೊಡಲಿ ಎಂದು. ಇವತ್ತು ಅಸಲಿ ಶಿಲ್ಪಗಳನ್ನು ಮುಟ್ಟಲು ಬಿಡುವುದಿಲ್ಲ, ಆಡಲು ಪ್ರತಿಗಳನ್ನು ಕೊಡುತ್ತಾರೆ. ಹಾಗಾಗಿ ನಿಮ್ಮ ಪುಟ್ಟ ಬಾಗಿಲುಗಳನ್ನು ಮೊದಲೇ ಒಂದೇ ಅಳತೆಗೆ ಕೊರೆಸಿ, ಹತ್ತು ಜಾಸ್ತಿ ಮಾಡಿಸಿಡಿ. ಅವು ಮುರಿಯುತ್ತವೆ. ಮುರಿದರೆ ಮಕ್ಕಳಿಗೆ ಇಷ್ಟವಾಗಿದೆ ಎಂದರ್ಥ.

ಮೆಟೀರಿಯಲ್ ಬಗ್ಗೆ ಇನ್ನೆರಡು ಮಾತು. ಸನ್‌ಬೋರ್ಡ್ ಎಂಬ ಪ್ಲಾಸ್ಟಿಕ್ ಫೋಮ್ ಹಲಗೆ ಅಗ್ಗ, ಹಗುರ, ಆದರೆ ಮೂಲೆಗಳು ಬೇಗ ಒಡೆಯುತ್ತವೆ. ಎಸಿಪಿ ಶೀಟಿಗೆ (ಎರಡು ತೆಳು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್) ಹಿಂದಿನಿಂದ ತೋಡು ಹೊಡೆದು ಬಗ್ಗಿಸಬಹುದು, ಬೋರ್ಡಿನವರು ದಿನಾ ಮಾಡುತ್ತಾರೆ. ಆದರೆ ಅದು ಒಂದೇ ಸಲಕ್ಕೆ. ಮತ್ತೆ ಮತ್ತೆ ಮಡಚಿದರೆ ಅಲ್ಯೂಮಿನಿಯಂ ಪದರ ಬಿರಿಯುತ್ತದೆ. ಸನ್‌ಪ್ಯಾಕ್ ಶೀಟ್ ಪಾಲಿಪ್ರೊಪಿಲೀನ್, ಅರ್ಧ ಕೊಯ್ದು ಮಡಚಿದರೆ ಬಹಳ ಸಲ ತಾಳುತ್ತದೆ. ಮೊದಲು ನೋಡಿಕೊಳ್ಳಲು ಐದನೇ ಒಂದು ಅಳತೆಯ ಮಾದರಿಯನ್ನು ಅದರಲ್ಲೇ ಮಾಡಿ.

ಕೋಟೆಯೊಳಗೆ ಅಂಗಳದಲ್ಲಿ ಒಂದು ದಿನ ನಿಲ್ಲಿಸೋಣ ಎಂದು ಯಾರಾದರೂ ಹುರುಪಿನಲ್ಲಿ ಹೇಳಿಯೇ ಹೇಳುತ್ತಾರೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಏನು ಇಡಬೇಕಾದರೂ ಮೊದಲೇ ಲಿಖಿತ ಅನುಮತಿ ಬೇಕು, ಕಲ್ಲಿಗೆ ಒಂದು ಮೊಳೆಯೂ ತಾಗುವಂತಿಲ್ಲ. ಅನುಮತಿ ಸಿಕ್ಕರೂ ಗಾಳಿ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನೆಟ್ಟಿಲ್ಲ. ಗಂಟೆಗೆ 36 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 6 ಕೆ.ಜಿ. ಒತ್ತುತ್ತದೆ. ನಿಮ್ಮ ಬಿಚ್ಚಿದ ಕೋಟೆ ನಾಲ್ಕೂವರೆ ಚದರ ಮೀಟರ್, ಅಂದರೆ 27 ಕೆ.ಜಿ. ಅಷ್ಟಕ್ಕೆ ಮರಳಿನ ಚೀಲ ಹೇಗೋ ತಡೆಯುತ್ತದೆ. ವೇಗ 54ಕ್ಕೆ ಏರಿದರೆ ಒತ್ತಡ ಎರಡೂಕಾಲು ಪಟ್ಟಾಗಿ ಕೋಟೆ ಮಗುಚುತ್ತದೆ. ಒಳಗಿನ ಕೋಣೆಗೆ ಮಾಡಿದ್ದು ಒಳಗೇ ಇರಲಿ. ಒಳಗೂ ಸುತ್ತ ಓಡಾಡಲು ಕನಿಷ್ಠ 90 ಸೆಂ.ಮೀ., ಗಾಲಿಕುರ್ಚಿ ತಿರುಗುವ ಕಡೆ 150 ಬಿಡಿ.

ಕೆಲಸ ಶುರು ಮಾಡುವಾಗ ಏಳೂ ಎಲೆ ಒಟ್ಟಿಗೆ ಮಾಡಿಸಬೇಡಿ. ಪೂರ್ಣ ಅಳತೆಯ ಎರಡು ಎಲೆ, ನಡುವೆ ಒಂದು ಕೀಲು, ಅಷ್ಟೇ ಮಾಡಿಸಿ. ದಿನಕ್ಕೆ ನಾಲ್ಕು ಸಲ, ವರ್ಷಕ್ಕೆ 250 ದಿನ ಎಂದರೆ ಸಾವಿರ ಸಲ ಬಿಚ್ಚಿ ಮುಚ್ಚಿದಂತಾಯಿತು. ಹಾಸ್ಟೆಲಿನ ಹುಡುಗರಿಗೆ ಬೆಣ್ಣೆದೋಸೆ ಕೊಡಿಸಿ ಆ ಸಾವಿರ ಸಲವನ್ನು ಮೊದಲೇ ಮಾಡಿಸಿಬಿಡಿ. ರಿವೆಟ್ ಸಡಿಲವಾಯಿತೇ, ಬಣ್ಣ ಎದ್ದಿತೇ, ಪೈಪ್ ಬಾಗಿತೇ ನೋಡಿ. ಆಮೇಲೆ ಉಳಿದ ಐದಕ್ಕೆ ಕೈ ಹಾಕಿ. ಎಲ್ಲ ಮುಗಿದ ಮೇಲೆ ಇದನ್ನು ಹಿಂದೆಂದೂ ನೋಡದ ಇಬ್ಬರನ್ನು ಕರೆದು, ಪೆಟ್ಟಿಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ದೂರ ನಿಂತುಕೊಳ್ಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಗುರುತು ಬೇಕು ಎಂದರ್ಥ.

ಗುರುತು ಎಂದರೆ ಉದ್ದುದ್ದ ಸೂಚನೆ ಬೇಡ. ಎಲೆಯ ಅಂಚಿಗೆ 1ರಿಂದ 7ರವರೆಗೆ ದೊಡ್ಡ ಅಂಕಿ, ಮುಚ್ಚಳದ ತೋಡಿನ ಪಕ್ಕದಲ್ಲೂ ಅದೇ ಅಂಕಿ. ಮುಚ್ಚಳದ ಒಳಮೈಗೆ ಆರು ಚಿತ್ರಗಳಲ್ಲಿ ಕ್ರಮ ಬರೆದು ಲ್ಯಾಮಿನೇಟ್ ಮಾಡಿ ಅಂಟಿಸಿ. ಅದರ ಕೆಳಗೆ ಒಂದು ಚೀಲದಲ್ಲಿ ಎರಡು ಸ್ಪ್ಯಾನರ್, ಹತ್ತು ನೈಲಾಕ್ ನಟ್, ಒಂದು ಗಜ ನವಾರ, ಅಂಚು ತಿದ್ದಲು ಅದೇ ಬಣ್ಣದ ಸಣ್ಣ ಡಬ್ಬಿ. ಬಿಡಿಸುವ ಕೀಲಿನ ಕಡ್ಡಿ ಮೊದಲು ಕಳೆಯುವ ವಸ್ತು. ಅದನ್ನು ದಾರದಿಂದ ಚೌಕಟ್ಟಿಗೇ ಕಟ್ಟಿ, ಚೀಲದಲ್ಲಿ ಇನ್ನೂ ಎರಡು ಇಡಿ.